ಬೆಂಗಳೂರಿಂದ ದಾವಣಗೆರೆಗೆ ಕಾರಲ್ಲಿ ಹೊರಟಿದ್ದೀರಾ? ಬಂಕಿನ ಅಂಗಡಿಗಳ ಬಗ್ಗೆ ಒಂದಿಷ್ಟು

ಬೆಂಗಳೂರು–ದಾವಣಗೆರೆ ದಾರಿ ಬಗ್ಗೆ ಯಾರನ್ನೇ ಕೇಳಿ, ಎರಡು ಮಾತು ಗ್ಯಾರಂಟಿ. ದುರ್ಗದ ಕೋಟೆ ಹತ್ತಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಿ. ಸರಿ, ಎರಡೂ ಮಾಡಬೇಕಾದ್ದೇ. ಆದರೆ ಮಂಡಿ ನೋವಿರುವ ಅತ್ತೆಗೆ ಬಾತ್‌ರೂಮು ಎಲ್ಲಿ ಸಿಗುತ್ತೆ, ಮಗಳು ಹಸಿವು ಅಂದರೆ ಏನು ಕೊಡಿಸೋದು, ರಾತ್ರಿ ಹತ್ತರ ಮೇಲೆ ಒಂದು ಲೋಟ ಬಿಸಿ ಕಾಫಿಗೆ ಎಲ್ಲಿ ನಿಲ್ಲಿಸೋದು, ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ತವರು ದಾವಣಗೆರೆ, ಸಂಸಾರ ಬೆಂಗಳೂರಲ್ಲಿ. ಹಬ್ಬ, ಮದುವೆ, ಅಪ್ಪನ ಬಿ.ಪಿ. ಅಂತ ಈ ದಾರಿಯಲ್ಲಿ ಓಡಾಟ ಇದ್ದೇ ಇದೆ. ಪೆಟ್ರೋಲ್ ಬಂಕಿನ ಅಂಗಡಿಗಳ ಬಗ್ಗೆ ನನಗೆ ಏನನ್ನಿಸಿದೆ, ದಾರಿಯಲ್ಲಿ ಸಿಕ್ಕವರು ಏನಂದರು ಅನ್ನುವುದನ್ನು ಬರೆಯುತ್ತೇನೆ. ಹೊರಡುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ದಾರಿ. ಇದು ರಾಷ್ಟ್ರೀಯ ಹೆದ್ದಾರಿ 48. ನಮ್ಮ ಕಡೆ ಈಗಲೂ ಎನ್‌ಎಚ್‌ ಫೋರ್ ಅಂತಲೇ ಕರೆಯುತ್ತಾರೆ. ನೆಲಮಂಗಲ, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರ, ದಾವಣಗೆರೆ. ದುರ್ಗದವರೆಗೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ದಾವಣಗೆರೆಗೆ ಇನ್ನೊಂದು 60. ಬೆಂಗಳೂರು ದಾಟುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನುವುದರ ಮೇಲೆ ನಾಲ್ಕೂವರೆಯಿಂದ ಐದೂವರೆ ಗಂಟೆ. ಟೋಲುಗಳು ಸಾಕಷ್ಟಿವೆ. ದುರ್ಗಕ್ಕೆ ಮುಂಚೆ ಗುಯಿಲಾಳು, ದುರ್ಗ ಆದ ಮೇಲೆ ಹೆಬ್ಬಾಳು. ಪದೇ ಪದೇ ಓಡಾಡುವವರಾದರೆ 2025ರ ಆಗಸ್ಟ್ 15ರಿಂದ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ನೋಡಿ. ಶುರುವಾದಾಗಿನ ಲೆಕ್ಕದಲ್ಲಿ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಯಾವುದು ಮೊದಲು ಮುಗಿಯುತ್ತೋ ಅದು. ಸ್ವಂತ ಕಾರಿಗೆ ಮಾತ್ರ, ಟ್ಯಾಕ್ಸಿಗಿಲ್ಲ.

ಹೆದ್ದಾರಿ ಮಧ್ಯೆ ಡಿವೈಡರ್ ಇರುವುದರಿಂದ ಎಡಗಡೆ ಬಂಕು ಮಾತ್ರ ನಿಮ್ಮದು. ಫೋನಿನ ಮ್ಯಾಪಲ್ಲಿ ‘ಇನ್ನು ಎರಡು ಕಿಲೋಮೀಟರ್’ ಅಂತ ಚೆಂದದ ಬಂಕು ಕಾಣಿಸುತ್ತೆ. ಹತ್ತಿರ ಹೋದರೆ ಅದು ಆಚೆ ಬದಿಯಲ್ಲಿ, ಬೆಂಗಳೂರಿಗೆ ಹೋಗುವವರಿಗೆ. ಅಲ್ಲಿಗೆ ಹೋಗಬೇಕಾದರೆ ಮುಂದಿನ ಅಂಡರ್‌ಪಾಸ್ ಹುಡುಕಿ, ಸರ್ವಿಸ್ ರೋಡಿಗಿಳಿದು, ಟ್ರ್ಯಾಕ್ಟರ್ ಹಿಂದೆ ತೆವಳಿಕೊಂಡು ಬರಬೇಕು. ಹೋಗುವ ದಿಕ್ಕಿಗೆ ಎರಡು, ಬರುವ ದಿಕ್ಕಿಗೆ ಎರಡು ಜಾಗ ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಇನ್ನೊಂದು, ಕೆಲವು ಬಂಕುಗಳಿಗೆ ಸರ್ವಿಸ್ ರೋಡಿಂದ ಮಾತ್ರ ದಾರಿ. ಬೋರ್ಡು ಕಂಡ ಮೇಲೆ ಬ್ರೇಕ್ ಹಾಕಿದರೆ ತಪ್ಪಿಹೋಗುತ್ತೆ, ಹಿಂದೆ ಬರುವ ಲಾರಿಯವನ ಬೈಗುಳ ಬೇರೆ.

ಇನ್ನು ಅಂಗಡಿಗಳು. ಬಂಕಿನಲ್ಲಿ ಅಂಗಡಿ ಅಂದರೆ ಆಯಿಲ್ ಡಬ್ಬಿ, ಎರಡು ಪ್ಯಾಕೆಟ್ ಬಿಸ್ಕತ್ತು ಅನ್ನುವ ಕಾಲ ಹೋಯಿತು. ಈಗ ಕಂಪನಿಗಳೇ ಹೆಸರಿಟ್ಟು ನಡೆಸುತ್ತಿವೆ. ಭಾರತ್ ಪೆಟ್ರೋಲಿಯಂನದು ಇನ್ ಅಂಡ್ ಔಟ್, ಹಿಂದೂಸ್ತಾನ್ ಪೆಟ್ರೋಲಿಯಂನದು ಹ್ಯಾಪಿ ಶಾಪ್, ಶೆಲ್‌ನದು ಸೆಲೆಕ್ಟ್, ಜಿಯೋ–ಬಿಪಿಯದು ವೈಲ್ಡ್ ಬೀನ್ ಕೆಫೆ. ಇಂಡಿಯನ್ ಆಯಿಲ್‌ಗೆ ಹೆದ್ದಾರಿಯ ದೊಡ್ಡ ಬಂಕುಗಳಿಗೆ ಸ್ವಾಗತ್ ಅನ್ನುವ ಹೆಸರಿದೆ, ಹಳ್ಳಿ ಕಡೆಯವಕ್ಕೆ ಕಿಸಾನ್ ಸೇವಾ ಕೇಂದ್ರ. ಭಾರತ್ ಪೆಟ್ರೋಲಿಯಂ ಲಾರಿಯವರಿಗಾಗಿ ಊಟ, ಸ್ನಾನ, ಪಾರ್ಕಿಂಗ್ ಎಲ್ಲ ಸೇರಿಸಿ ಘರ್ ಅಂತ ಮಾಡಿದೆ. ಎಲ್ಲ ಬಂಕಲ್ಲೂ ಇವು ಇರುವುದಿಲ್ಲ. ಆಯಾ ಕಂಪನಿ ಆ್ಯಪಲ್ಲಿ ಬಂಕು ಹುಡುಕುವ ಜಾಗ ಇರುತ್ತೆ, ಹೊರಡುವ ಮುಂಚೆ ಅಲ್ಲಿ ನೋಡಿಕೊಂಡರೆ ಆಯ್ತು.

ಯಾವ ಕಂಪನಿ ಅಂಗಡಿ ಚೆನ್ನಾಗಿದೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಮ್ಮ ಅಪಾರ್ಟ್‌ಮೆಂಟಿನ ಒಬ್ಬರು ಒಂದು ಬ್ರ್ಯಾಂಡನ್ನು ಹೊಗಳಿದ್ದೇ ಹೊಗಳಿದ್ದು. ಅದೇ ಬ್ರ್ಯಾಂಡಿಗೆ ನನ್ನ ಓರಗಿತ್ತಿ ಹಿಡಿಶಾಪ ಹಾಕುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಮ್ಮಲ್ಲಿ ಬಂಕಿನ ಬೋರ್ಡು ಕಂಪನಿಯದು, ಆದರೆ ಹೆಚ್ಚಿನ ಕಡೆ ನಡೆಸುವವರು ಡೀಲರು. ನೆಲ ಒರೆಸುವ ಹುಡುಗಿಗೆ ಸಂಬಳ ಕೊಡುವವರು ಅವರು, ಟಾಯ್ಲೆಟ್ಟಿಗೆ ಮೋಟಾರ್ ಹಾಕಿಸುವವರೂ ಅವರೇ. ಡೀಲರು ದಿನಾ ಬಂದು ಕೂರುವವರಾದರೆ ಬಂಕು ಚೊಕ್ಕ. ಊರಲ್ಲಿ ಕೂತು ಫೋನಲ್ಲಿ ಲೆಕ್ಕ ಕೇಳುವವರಾದರೆ ದೇವರೇ ಗತಿ. ಕಂಪನಿಯೇ ನೇರವಾಗಿ ನಡೆಸುವ ಬಂಕುಗಳೂ ಇವೆ. ಅವಕ್ಕೆ ಕೋಕೋ ಬಂಕು ಅನ್ನುತ್ತಾರೆ, ಬೋರ್ಡಲ್ಲಿ ಇಂಗ್ಲಿಷಿನಲ್ಲಿ ಕೋಕೋ ಅಂತ ಬರೆದಿರುತ್ತೆ. ಗೊತ್ತಿಲ್ಲದ ಜಾಗದಲ್ಲಿ ಆರಿಸಬೇಕಾದರೆ ನಾನು ಅದನ್ನೇ ಆರಿಸುತ್ತೇನೆ. ಅಳತೆ ಬಗ್ಗೆಯೂ ಅನುಮಾನ ಕಡಿಮೆ, ಅಂಗಡಿಯ ರ‍್ಯಾಕೂ ಖಾಲಿ ಬಿದ್ದಿರುವುದಿಲ್ಲ. ಅದೂ ಬೇಡ ಅನ್ನುವವರಿಗೆ ನಮ್ಮನೆಯವರ ಉಪಾಯ ಇದೆ. ಹಳದಿ ಬೋರ್ಡಿನ ಟ್ಯಾಕ್ಸಿಗಳು ಎಲ್ಲಿ ನಾಲ್ಕು ನಿಂತಿರುತ್ತವೋ ಅಲ್ಲಿ ನಿಲ್ಲಿಸುವುದು. ಟ್ಯಾಕ್ಸಿಯವರು ದಿನಾ ಪ್ಯಾಸೆಂಜರ್ ಹತ್ತಿರ ಬೈಸಿಕೊಳ್ಳುವವರು. ಕೆಟ್ಟ ಬಾತ್‌ರೂಮಿಗೆ ಎರಡನೇ ಸಲ ಕರೆದುಕೊಂಡು ಹೋಗಲ್ಲ.

ಮ್ಯಾಪಿನ ಸ್ಟಾರುಗಳನ್ನು ನಂಬುವವರಿಗೆ ಒಂದು ಮಾತು. ಬಂಕಿಗೆ ಬಂದಿರುವ ನಾಲ್ಕೂವರೆ ಸ್ಟಾರು ಬಹಳ ಸಲ ಡೀಸೆಲ್ಲಿಗೆ ಬಂದದ್ದು, ಅಂಗಡಿಗಲ್ಲ. ಬೈಕಲ್ಲಿ ಬಂದು ಎರಡು ನಿಮಿಷದಲ್ಲಿ ಹೋದವರು ‘ಗುಡ್’ ಅಂತ ಹಾಕಿರುತ್ತಾರೆ. ಅಭಿಪ್ರಾಯಗಳಲ್ಲಿ ‘ಟಾಯ್ಲೆಟ್’, ‘ವಾಶ್‌ರೂಮ್’ ಅಂತ ಹುಡುಕಿ, ಹೊಸದು ಮೇಲೆ ಬರುವ ಹಾಗೆ ಮಾಡಿಕೊಂಡು ಓದಿ. ಹೆಂಗಸರು ಬರೆದದ್ದನ್ನು ಮೊದಲು ಓದಿ. ಎರಡು ವರ್ಷದ ಹಿಂದೆ ಥಳಥಳ ಅನ್ನುತ್ತಿದ್ದ ಬಾತ್‌ರೂಮು ಈ ವರ್ಷ ಹಾಗೇ ಇರುತ್ತೆ ಅಂತ ಏನೂ ಇಲ್ಲ.

ಬಾತ್‌ರೂಮಿನ ವಿಷಯಕ್ಕೇ ಬರೋಣ, ಯಾಕೆಂದರೆ ಹೆಂಗಸರು ಬಂಕಿಗೆ ಮಾರ್ಕು ಹಾಕುವುದು ಇಲ್ಲೇ. ಕಾಫಿ ಆಮೇಲೆ. ಹಿರಿಯೂರಿಗೆ ಮುಂಚೆ ಒಂದು ಬಂಕಿಗೆ ಹೋದೆವು. ಎದುರಿಗೆ ಗಾಜಿನ ಅಂಗಡಿ, ಎ.ಸಿ., ಬಾಗಿಲಲ್ಲಿ ನಗುವ ಹುಡುಗ. ಹೆಂಗಸರ ಟಾಯ್ಲೆಟ್ಟಿಗೆ ಬೀಗ. ಬೀಗದ ಕೈ ಕೇಳಿದರೆ ‘ಅದು ಸ್ಟಾಫಿಗೆ ಮೇಡಂ, ಆ ಕಡೆದು ಬಳಸಿ’ ಅಂತ ಗಂಡಸರದ್ದನ್ನು ತೋರಿಸಿದ. ಅತ್ತೆ ಸುಮ್ನಿರುವವರಲ್ಲ. ‘ಏನಪ್ಪಾ, ಬೋರ್ಡಲ್ಲಿ ಸ್ತ್ರೀಯರು ಅಂತ ನಮಗೆ ಬರೆದಿದೀರೋ, ಬೀಗಕ್ಕೆ ಬರೆದಿದೀರೋ?’ ಅಂದರು. ಹುಡುಗ ತಲೆ ಕೆರೆದುಕೊಂಡು ಡ್ರಾಯರಿಂದ ಕೈ ತೆಗೆದ. ಒಂದು ಗೇಣುದ್ದದ ಪಟ್ಟಿಗೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ್ದ ಬೀಗದ ಕೈ. ಒಳಗೆ ನೋಡಿದರೆ ಬಾತ್‌ರೂಮು ಒಣಗಿ ಸ್ವಚ್ಛವಾಗಿತ್ತು. ಯಾರೂ ಬಳಸದಿದ್ದರೆ ಸ್ವಚ್ಛವಾಗಿರುತ್ತೆ ಬಿಡಿ!

ಕೇಳುವುದಕ್ಕೆ ಸಂಕೋಚ ಬೇಡ. ಟಾಯ್ಲೆಟ್, ಕುಡಿಯುವ ನೀರು, ಟೈರಿಗೆ ಗಾಳಿ, ಇವನ್ನು ಬಂಕಿನವರು ಗ್ರಾಹಕರಿಗೆ ದುಡ್ಡಿಲ್ಲದೆ ಕೊಡಬೇಕು ಅಂತ ತೈಲ ಕಂಪನಿಗಳದೇ ನಿಯಮ ಇದೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು, ದೂರು ಪುಸ್ತಕವೂ ಇರಬೇಕು. ಬಂಕಿನ ಬೋರ್ಡಲ್ಲಿ ಕಂಪನಿ ಅಧಿಕಾರಿಯ ಫೋನ್ ನಂಬರ್ ಬರೆದಿರುತ್ತಾರೆ. ಫೋನ್ ತೆಗೆದು ಆ ಬೋರ್ಡಿನ ಫೋಟೋ ಹೊಡೆದರೆ ಸಾಕು, ಅರ್ಧ ಕೆಲಸ ಅಲ್ಲೇ ಆಗುತ್ತೆ. ಪೆಟ್ರೋಲ್ ಬಗ್ಗೆ ಅನುಮಾನ ಇದ್ದರೆ ಐದು ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿ ಅನ್ನಬಹುದು, ಫಿಲ್ಟರ್ ಪೇಪರ್ ಪರೀಕ್ಷೆಯನ್ನೂ ಕೇಳಬಹುದು. ಪೇಪರ್ ಮೇಲೆ ಒಂದು ಹನಿ ಬಿಟ್ಟಾಗ ಕಲೆ ಉಳಿಯದೆ ಆರಿಹೋಗಬೇಕು.

ವಯಸ್ಸಾದವರು ಜೊತೆಗಿದ್ದರೆ ಇಳಿದು ಹೋಗಿ ಕಮೋಡ್ ಇದೆಯಾ ಅಂತ ನೀವೇ ಮೊದಲು ನೋಡಿ ಬನ್ನಿ. ಲಾರಿಗಳೇ ಜಾಸ್ತಿ ನಿಲ್ಲುವ ಬಂಕುಗಳಲ್ಲಿ ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ಟೇ ಹೆಚ್ಚು. ಬಾಗಿಲಿಗೆ ಚಿಲಕ, ನಲ್ಲೀಲಿ ನೀರು, ಬ್ಯಾಗು ತಗಲು ಹಾಕೋಕೆ ಒಂದು ಮೊಳೆ, ಈ ಮೂರೂ ಒಂದೇ ಕಡೆ ಸಿಕ್ಕರೆ ಅದು ನನ್ನ ಲೆಕ್ಕದಲ್ಲಿ ಫೈವ್ ಸ್ಟಾರ್. ಈ ದಾರಿಯಲ್ಲಿ ಚಿಲಕ, ನೀರು ಸಿಗುತ್ತವೆ. ಮೊಳೆ ಅಪರೂಪ. ಎಷ್ಟೋ ಕೋಟಿ ಹಾಕಿ ಬಂಕು ಕಟ್ಟುತ್ತಾರೆ, ಬ್ಯಾಗನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕು ನಾವು. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್ ಹೆಸರಿರುವ ಅಂಗಡಿಗಳಲ್ಲಿ ಬಹುತೇಕ ಸಿಗುತ್ತೆ. ಈ ಒಂದು ವಿಷಯಕ್ಕೆ ಚೈನ್ ಅಂಗಡಿಗಳಿಗೆ ಕೈ ಮುಗಿಯಬೇಕು. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಮೆಡಿಕಲ್ ಶಾಪ್ ಎಲ್ಲಿ ಹುಡುಕೋಣ?

ರೇಟಿನ ವಿಷಯ. ಜನರ ದೊಡ್ಡ ದೂರು ಇದೇ. ‘ಬಂಕಲ್ಲಿ ಎಲ್ಲಾ ಡಬಲ್’ ಅನ್ನುತ್ತಾರೆ. ಪೂರ್ತಿ ನಿಜ ಅಲ್ಲ. ಪ್ಯಾಕ್ ಮಾಡಿದ ಮಾಲಿಗೆ ಎಂ.ಆರ್.ಪಿ. ಗಡಿ ಇದೆ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳುವ ಹಾಗಿಲ್ಲ. ವ್ಯತ್ಯಾಸ ಏನೆಂದರೆ ಊರಿನ ಕಿರಾಣಿ ಅಂಗಡಿಯವರು, ಮಾರ್ಟಿನವರು ಎಂ.ಆರ್.ಪಿ.ಗಿಂತ ಕಡಿಮೆಗೆ ಕೊಡುತ್ತಾರೆ, ಬಂಕಿನವರು ಪೂರ್ತಿ ಹಾಕುತ್ತಾರೆ. ಅದು ತಪ್ಪಲ್ಲ. ತಪ್ಪಾಗುವುದು ಬೇರೆ ಕಡೆ. ಒಂದು ಬಂಕಿನಲ್ಲಿ 20 ರೂಪಾಯಿ ಬರೆದಿದ್ದ ನೀರಿನ ಬಾಟಲಿಗೆ 25 ಕೇಳಿದರು. ಯಾಕೆ ಅಂದರೆ ‘ಕೂಲಿಂಗ್ ಅಕ್ಕಾ’. ಫ್ರಿಡ್ಜಿಗೆ ಕರೆಂಟು ಬೇಕಲ್ಲ ಅನ್ನುವ ವಾದ. ಬಿಲ್ಲು ಕೊಡಪ್ಪಾ ಅಂದೆ. ಕಂಪ್ಯೂಟರಲ್ಲಿ 20ರ ಮೇಲೆ ಬಿಲ್ಲೇ ಬರಲ್ಲ! ಎರಡು ಸಲ ಏನೋ ಒತ್ತಿ ನೋಡಿ, ‘ಇರಲಿ ಅಕ್ಕಾ, ಇಪ್ಪತ್ತೇ ಕೊಡಿ’ ಅಂದ. ಹಾಗಾಗಿ ಬಿಲ್ಲು ಕೇಳಿ, ಜಗಳ ಬೇಡ. ಬಿಲ್ಲಲ್ಲೇ ಜಾಸ್ತಿ ಬಂದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಕೂತು ತಿನ್ನುವ ಕೆಫೆಗಳ ಲೆಕ್ಕ ಬೇರೆ. ಹೋಟೆಲ್, ರೆಸ್ಟೋರೆಂಟಿನವರು ಮೇಜಿಗೆ ತಂದುಕೊಡುವ ನೀರಿನ ಬಾಟಲಿಗೆ ಎಂ.ಆರ್.ಪಿ.ಗಿಂತ ಜಾಸ್ತಿ ಹಾಕಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೀರು ಅಂಗಡಿ ಕೌಂಟರಲ್ಲಿ ತಗೊಳ್ಳಿ, ಕಾಫಿ ಬೇಕಾದರೆ ಕೆಫೆಯಲ್ಲಿ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟ್, ಖಾರದ ತಿಂಡಿ ಪ್ಯಾಕೆಟ್ಟುಗಳ ಜಿ.ಎಸ್.ಟಿ. ಶೇ. 5ಕ್ಕೆ ಇಳಿದಿದೆ. ಕೂಲ್‌ಡ್ರಿಂಕ್ಸ್ ಮಾತ್ರ ಶೇ. 40ರಲ್ಲಿದೆ. ಪೆಟ್ರೋಲ್, ಡೀಸೆಲ್ ಜಿ.ಎಸ್.ಟಿ. ಒಳಗೇ ಬಂದಿಲ್ಲ.

ಮಾಲು ಹಳೇದಾಗಿರುತ್ತೆ ಅನ್ನುವುದು ಎರಡನೇ ದೂರು. ಇದರಲ್ಲಿ ಹುರುಳಿದೆ. ದುರ್ಗದ ಬಿಸಿಲು ಗೊತ್ತಲ್ಲ. ಮಗಳು ಆಸೆಪಟ್ಟು ತಗೊಂಡ ಚಾಕೊಲೇಟ್ ಬಿಚ್ಚಿದರೆ ಮೇಲೆಲ್ಲ ಬಿಳಿ ಪುಡಿ ಕೂತ ಹಾಗೆ. ಕೆಟ್ಟಿರಲಿಲ್ಲ. ಕರಗಿ ಮತ್ತೆ ಗಟ್ಟಿಯಾದರೆ ಕೊಕೊ ಬೆಣ್ಣೆ ಮೇಲಕ್ಕೆ ಬಂದು ಹಾಗಾಗುತ್ತೆ. ಅಂದರೆ ಆ ಅಂಗಡಿಯ ಎ.ಸಿ. ರಾತ್ರಿ ಆರಿಸುತ್ತಾರೆ ಅಂತ ಅರ್ಥ. ಅಂಥ ಕಡೆ ಮೊಸರು, ಪನೀರ್ ಸ್ಯಾಂಡ್‌ವಿಚ್, ಕ್ರೀಮ್ ಬನ್ನಿಗೆ ಕೈ ಹಾಕಬೇಡಿ. ಹಾಲಿನ ಟೆಟ್ರಾ ಪ್ಯಾಕು, ಮಜ್ಜಿಗೆ ಪ್ಯಾಕು, ಬಾಳೆಹಣ್ಣು ಸಾಕು. ತಾರೀಕು ನೋಡದೆ ಯಾವುದನ್ನೂ ಬಿಚ್ಚಬೇಡಿ.

ಕಾಫಿ? ಮೆಷಿನ್ ಕಾಫಿ, ಅಷ್ಟೇ. ಪೇಪರ್ ಕಪ್ಪಲ್ಲಿ ಕೊಡುವ ಕಾಫಿಗೆ ದೊಡ್ಡ ಹೋಟೆಲಿನ ರೇಟು ಕೊಟ್ಟು, ಶಿರಾ ಬೈಪಾಸಿನ ಫಿಲ್ಟರ್ ಕಾಫಿ ನೆನಪಿಸಿಕೊಂಡು ಕುಡಿಯಬೇಕು. ಆದರೆ ರಾತ್ರಿ ಹನ್ನೊಂದಕ್ಕೆ, ನಿದ್ದೆ ತೂಗುತ್ತಿರುವಾಗ, ಬೆಳಕಿರುವ ಜಾಗದಲ್ಲಿ, ಹೆಂಗಸರು ಮಕ್ಕಳ ಜೊತೆ ಧೈರ್ಯವಾಗಿ ಕೂತು ಕುಡಿಯಬಹುದಾದ ಕಾಫಿ ಬೇರೆ ಎಲ್ಲೂ ಸಿಗಲ್ಲ. ಆ ಹೊತ್ತಿನಲ್ಲಿ ರೇಟಿನ ಬಗ್ಗೆ ನಾನು ಮಾತಾಡಲ್ಲ.

ಲಾರಿಯವರ ಅಭಿಪ್ರಾಯ ಪೂರ್ತಿ ಬೇರೆ. ಭರಮಸಾಗರದ ಹತ್ತಿರ ಗಾಳಿ ಹಾಕಿಸುವಾಗ ಹುಬ್ಬಳ್ಳಿ ಕಡೆ ಹೊರಟಿದ್ದ ಚಾಲಕರೊಬ್ಬರ ಜೊತೆ ನಮ್ಮನೆಯವರು ಮಾತಿಗೆ ನಿಂತರು. ‘ಅಂಗಡಿ ಯಾರಿಗ್ ಬೇಕ್ರೀ ಸರ? ನಮಗ ಗಾಡಿ ನಿಲ್ಸಾಕ ಜಾಗ ಬೇಕು, ಡೀಸೆಲ್ ಕದೀದಂಗ ಲೈಟ್ ಬೇಕು, ಮೈತೊಳ್ಕೊಳ್ಳಾಕ ಎರಡ್ ಬಕೆಟ್ ನೀರ್ ಬೇಕು’ ಅಂದರಂತೆ. ಅವರು ಅಂಗಡಿಯೊಳಗೆ ಕಾಲೇ ಇಟ್ಟಿಲ್ಲವಂತೆ, ಗಾಜಿನ ಬಾಗಿಲು ನೋಡಿದರೇ ಜೇಬು ಮುಟ್ಟಿಕೊಳ್ಳುವಂತಾಗುತ್ತೆ ಅಂದರು. ಹಾಗೆ ನೋಡಿದರೆ ಈ ಚೈನ್ ಅಂಗಡಿಗಳೆಲ್ಲ ಕಾರಿನವರನ್ನು ನೋಡಿಯೇ ಮಾಡಿದ್ದು. ಹೆದ್ದಾರಿ ತುಂಬ ಇರುವುದು ಲಾರಿ.

ಅಮೆರಿಕದಲ್ಲಿರುವ ನನ್ನ ತಮ್ಮ ಇದಕ್ಕೆ ಉಲ್ಟಾ ಕಥೆ ಹೇಳುತ್ತಾನೆ. ಅಲ್ಲಿ ಟೆಕ್ಸಾಸಿನಲ್ಲಿ ಬಕೀಸ್ ಅಂತ ಬಂಕಿನ ಅಂಗಡಿ ಚೈನ್ ಇದೆ, 1982ರಲ್ಲಿ ಶುರುವಾಗಿದ್ದು. ಜನ ಅದನ್ನು ಹೊಗಳುವುದೇ ಟಾಯ್ಲೆಟ್ ಸ್ವಚ್ಛತೆಗೆ. 2024ರಲ್ಲಿ ಲುಲಿಂಗ್ ಊರಲ್ಲಿ ತೆರೆದ ಅಂಗಡಿ 75,000 ಚದರ ಅಡಿಯಂತೆ. ದೊಡ್ಡ ಲಾರಿಗಳಿಗೆ ಅಲ್ಲಿ ಪ್ರವೇಶವೇ ಇಲ್ಲ! ‘ಅಕ್ಕಾ, ಇಲ್ಲಿ ಜನ ಊಟಕ್ಕೇ ಬಂಕಿಗೆ ಹೋಗ್ತಾರೆ’ ಅಂದಾಗ ಅಮ್ಮ ‘ಪಾಪ’ ಅಂದಳು. ದಾವಣಗೆರೆಯವಳಲ್ವಾ.

ಅಮ್ಮ ಅಂದದ್ದರಲ್ಲೂ ಅರ್ಥ ಇದೆ. ಈ ದಾರಿಯಲ್ಲಿ ಹೊಟ್ಟೆಯನ್ನು ಬಂಕಿನ ಅಂಗಡಿಯಲ್ಲಿ ತುಂಬಿಸಿಕೊಳ್ಳಬೇಡಿ. ಸುತ್ತಮುತ್ತ ಶೇಂಗಾ ಬೆಳೆಯುವ ಸೀಮೆ, ಎಣ್ಣೆ ಮಿಲ್ಲುಗಳ ಚಳ್ಳಕೆರೆ ಪಕ್ಕದಲ್ಲೇ ಇದೆ. ಆದರೂ ರ‍್ಯಾಕಿನಲ್ಲಿ ಇರುವುದು ಬೇರೆ ರಾಜ್ಯದಿಂದ ಬಂದ ಮಸಾಲೆ ಕಡಲೆಬೀಜ. ದಾವಣಗೆರೆ ಇನ್ನು ಅರ್ಧ ಗಂಟೆ ಇದೆ ಅನ್ನುವಾಗಲೂ ಒಂದು ಪ್ಯಾಕೆಟ್ ಖಾರ ಮಂಡಕ್ಕಿ ಕಾಣಿಸಲ್ಲ, ಆಲೂ ಚಿಪ್ಸ್ ಮಾತ್ರ ಸಾಲಾಗಿ ನಿಂತಿರುತ್ತೆ. ಒಂದು ಕಡೆ ಮಾತ್ರ ಊರಿನ ಹೆಂಗಸರ ಸಂಘದವರು ಮಾಡಿದ ಶೇಂಗಾ ಚಿಕ್ಕಿ ಕೌಂಟರ್ ಪಕ್ಕ ಡಬ್ಬಿಯಲ್ಲಿಟ್ಟಿದ್ದರು. ಬಿಲ್ಲು ಹಾಕುವ ಹುಡುಗಿ ‘ಇದೇ ಮೊದಲು ಖಾಲಿ ಆಗೋದು ಆಂಟಿ’ ಅಂದಳು. ಕಂಪನಿಯವರು ಯಾರಾದರೂ ಓದುತ್ತಿದ್ದರೆ ಆ ಹುಡುಗಿ ಮಾತನ್ನು ಬರೆದುಕೊಳ್ಳಿ.

ಕೋಟೆ ನೋಡುವ ಪ್ಲಾನ್ ಇದ್ದರೆ ಅಂಗಡಿ ನಿಜವಾಗಿ ಉಪಯೋಗಕ್ಕೆ ಬರುವುದು ಆಗ. ಹೆದ್ದಾರಿ ಬಿಟ್ಟು ಊರೊಳಗೆ ಹೋಗುವ ಮೊದಲೇ ತಲೆಗೊಂದು ಲೀಟರ್ ನೀರು, ಒಂದೆರಡು ಓ.ಆರ್.ಎಸ್. ತಗೊಳ್ಳಿ. ಒನಕೆ ಓಬವ್ವನ ಕಿಂಡಿ ನೋಡಿ ಮೇಲಕ್ಕೆ ಹತ್ತುವಷ್ಟರಲ್ಲಿ ಬಂಡೆ ಕಾದಿರುತ್ತೆ, ಬೇಸಿಗೆಯಲ್ಲಂತೂ ಹತ್ತು ಗಂಟೆಗೇ. ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಟ್ಟರೆ ಒಂಬತ್ತರೊಳಗೆ ಕೋಟೆ ಬಾಗಿಲಲ್ಲಿ ಇರಬಹುದು. ಅತ್ತೆಯಂಥವರು ಮೊದಲ ಬಾಗಿಲುಗಳವರೆಗೆ ನೋಡಿ ನೆರಳಲ್ಲಿ ಕೂತರೂ ಪೂರ್ತಿ ಬಂದ ಸಮಾಧಾನ ಆಗುತ್ತೆ.

ದುರ್ಗದಿಂದ ದಾವಣಗೆರೆಗೆ ಒಂದು ಗಂಟೆ ದಾರಿ. ನಿಲ್ಲುವ ಅಗತ್ಯ ಇಲ್ಲ. ಗಾಳಿ ಜೋರಿರುವ ಬಯಲು, ಗುಡ್ಡದ ಮೇಲೆ ಗಾಳಿಯಂತ್ರ, ಮುಂದೆ ಲಾರಿ ಸಾಲು. ಕಾರು ಕೆಟ್ಟರೆ, ಅಪಘಾತ ಕಂಡರೆ 1033ಕ್ಕೆ ಫೋನ್ ಮಾಡಿ, ಅದು ಹೆದ್ದಾರಿ ಸಹಾಯವಾಣಿ. ದಾವಣಗೆರೆಯಲ್ಲಿ ಬೈಪಾಸ್ ಬಿಟ್ಟು ಹಳೇ ಪಿ.ಬಿ. ರಸ್ತೆಗೆ ಬಂದರೆ ದೋಸೆ ಹೋಟೆಲುಗಳಿಗೆ ದೂರ ಇಲ್ಲ. ಮಧ್ಯಾಹ್ನ ಹೊತ್ತಿಗೆ ದೋಸೆ ನಿಲ್ಲಿಸುವವರೂ ಇದ್ದಾರೆ, ಅಂಥ ಕಡೆ ಸಂಜೆವರೆಗೆ ಕಾಯಬೇಕು. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಇದ್ದೇ ಇದೆ.

ವಾಪಸ್ ಬರುವಾಗ ದಾರಿಗೆ ಬೇಕಾದ್ದನ್ನು ದಾವಣಗೆರೆಯಲ್ಲೇ ಕಟ್ಟಿಸಿಕೊಳ್ಳಿ. ಮಂಡಕ್ಕಿ, ಬಾಳೆಹಣ್ಣು, ಮನೆಯ ಫ್ಲಾಸ್ಕಿನಲ್ಲಿ ಕಾಫಿ. ಪೆಟ್ರೋಲ್ ರೇಟು ಬೆಂಗಳೂರಿಗಿಂತ ಇಲ್ಲಿ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಬರುವಾಗಲೇ ಬೆಂಗಳೂರಲ್ಲಿ ಫುಲ್ ಟ್ಯಾಂಕ್ ಹಾಕಿಸಿದ್ದರೆ ಸಣ್ಣ ಕಾರಿಗೆ ಹೋಗಿ ಬರುವುದಕ್ಕೂ ಹೆಚ್ಚೂಕಡಿಮೆ ಸಾಕಾಗುತ್ತೆ. ಫೋನ್ ಪೇಮೆಂಟ್ ಎಲ್ಲ ಕಡೆ ನಡೆಯುತ್ತೆ, ಆದರೆ ನೆಟ್‌ವರ್ಕ್ ಕೈಕೊಟ್ಟರೆ ಅಂತ ಒಂದೈನೂರು ನೋಟಲ್ಲಿ ಇಟ್ಟುಕೊಂಡಿರಿ. ಭಾನುವಾರ ಸಂಜೆಯಾದರೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಗಾಡಿ ಅಲುಗಾಡಲ್ಲ. ಅಲ್ಲಿ ಸಿಕ್ಕಿಕೊಂಡ ಮೇಲೆ ಯಾವ ಬಂಕೂ ಕೈಗೆಟುಕಲ್ಲ. ತುಮಕೂರು ದಾಟುವ ಮುಂಚೆ ಎಡಗಡೆ ಒಂದು ಒಳ್ಳೇ ಬಂಕು ನೋಡಿ, ಮನೆಮಂದಿಯನ್ನೆಲ್ಲ ಒಂದು ಸಲ ಇಳಿಸಿ.